ಕಮಲತ್ತೆಯ ಬುದ್ಧಿ ನಾಲ್ಕು

ನಮ್ಮ ಮನೆಯಲ್ಲಿ ನಗುವಿಗೆ ಕೊರತೆಯಿರಲಿಲ್ಲ. ಬಾಲ್ಯವನ್ನು ಬರೆಯುವವರು ಈ ಮಾತನ್ನು ಹೊಗಳಿಕೆಯಾಗಿ ಬರೆಯುತ್ತಾರೆ, ನಾನು ದೂರಿನಂತೆ ಬರೆಯುತ್ತಿದ್ದೇನೆ. ನಗುವ ಮನೆ ಒಳ್ಳೆಯ ಮನೆ ಎಂಬುದಕ್ಕೆ ಇದುವರೆಗೆ ಯಾರೂ ನನಗೆ ಪುರಾವೆ ಕೊಟ್ಟಿಲ್ಲ. ಯಾರು ನಕ್ಕರು, ಯಾರನ್ನು ನೋಡಿ ನಕ್ಕರು, ನಕ್ಕ ಮೇಲೆ ಯಾರ ಮಾತು ಅರ್ಧಕ್ಕೆ ನಿಂತಿತು, ಇಷ್ಟನ್ನು ಕೇಳದೆ ಆ ಮಾತನ್ನು ಒಪ್ಪಲು ನಾನು ತಯಾರಿಲ್ಲ.

ಬೆಟಗೇರಿಯಲ್ಲಿ ನಮ್ಮದು ಮುಂದೆ ಪ್ರೆಸ್ಸು, ಹಿಂದೆ ಮನೆ. ರಸ್ತೆಗೆ ಮುಖ ಮಾಡಿದ ಕೋಣೆಯಲ್ಲಿ ಮದುವೆ ಕಾರ್ಡು, ಪಾವತಿ ಪುಸ್ತಕ, ಅಂಗಡಿ ಉದ್ಘಾಟನೆಯ ಕರಪತ್ರ ಅಚ್ಚಾಗುತ್ತಿದ್ದವು. ಅದನ್ನು ದಾಟಿದರೆ ಪಡಸಾಲೆ, ಪಡಸಾಲೆಯಿಂದ ಒಂದು ಮೆಟ್ಟಿಲು ಇಳಿದರೆ ಅಡುಗೆಮನೆ. ಶಾಯಿಯ ವಾಸನೆ ರೊಟ್ಟಿ ಬುಟ್ಟಿಯವರೆಗೂ ಬರುತ್ತಿತ್ತು. ದೊಡ್ಡಪ್ಪ ಗಿರಾಕಿಗಳ ಜೊತೆ ಮಾತಾಡುವವನು, ಅಪ್ಪ ಮಷಿನ್ ನಡೆಸುವವನು. ದೊಡ್ಡವ್ವ ತೀರಿಕೊಂಡ ಮೇಲೆ ಅಡುಗೆಯ ಪೂರ್ತಿ ಹೊರೆ ಅವ್ವನ ಮೇಲೆ ಬಿದ್ದಿತ್ತು. ರಾತ್ರಿ ಎಂಟಕ್ಕೆ ಗಂಡಸರೂ ಮಕ್ಕಳೂ ಟಿವಿಗೆ ಎದುರಾಗಿ ಸಾಲಾಗಿ ಉಣ್ಣಲು ಕೂಡುತ್ತಿದ್ದೆವು. ಆ ಹೊತ್ತಿಗೆ ಒಂದು ಹಾಸ್ಯ ಧಾರಾವಾಹಿ ಬರುತ್ತಿತ್ತು. ಅವ್ವ ಆ ಧಾರಾವಾಹಿಯನ್ನು ಕೇಳಿದ್ದೇ ಹೆಚ್ಚು, ನೋಡಿದ್ದು ಕಡಿಮೆ. ಬಿಸಿ ರೊಟ್ಟಿ ಹಾಕಲು ಬಂದಾಗ ಒಂದು ಗಳಿಗೆ ನಿಂತು, ಹೆಂಚು ನೆನಪಾಗಿ ಒಳಗೆ ಓಡುತ್ತಿದ್ದಳು. ಯಾವ ಪಾತ್ರ ಯಾವುದೆಂದು ಅವಳು ಗುರುತಿಸುತ್ತಿದ್ದದ್ದು ದನಿಯಿಂದ.

ಧಾರಾವಾಹಿಯ ಮನೆಯಲ್ಲಿ ಒಬ್ಬ ಜಿಪುಣ ಮಾವ, ಊರಿಗೆಲ್ಲ ಕೇಳುವಂತೆ ಕೂಗುವ ಅವನ ಹೆಂಡತಿ, ನಡೆದಲ್ಲೆಲ್ಲ ಎಡವಿ ಬೀಳುವ ಮಗ, ದಿನಾ ಕಾಫಿಪುಡಿ ಸಾಲ ಕೇಳಲು ಬರುವ ಪಕ್ಕದ ಮನೆಯವನು ಇದ್ದರು. ಇವರ ನಡುವೆ ಕಮಲತ್ತೆ ಎಂಬೊಬ್ಬಳು. ಕಾಫಿಗೆ ಉಪ್ಪು ಹಾಕುವವಳು, ಫೋನನ್ನು ತಲೆಕೆಳಗಾಗಿ ಹಿಡಿಯುವವಳು. ಅವಳು ಬಾಯಿ ತೆರೆದು ಏನೋ ಹೇಳಹೊರಟು ನಿಂತರೆ ಸಾಕು, ಹಿಂದಿನಿಂದ ‘ಟೊಂಯ್’ ಎಂದು ಒಂದು ಸದ್ದು ಬರುತ್ತಿತ್ತು. ಆ ಸದ್ದು ಬಂದರೆ ನಗಬೇಕು ಎಂದು ಅರ್ಥ.

ನಮ್ಮ ಮನೆಯವರಿಗೂ ಈ ಹೆಸರುಗಳು ಅಂಟಿಕೊಂಡವು. ಎಡವುವ ಮಗ ಎಂದರೆ ಅಪ್ಪ, ಕೂಗುವವಳು ಎಂದರೆ ಅವ್ವ. ಜಿಪುಣ ಮಾವನ ಹೆಸರು ಮಾತ್ರ ಯಾರಿಗೂ ಅಂಟಲಿಲ್ಲ. ಅದು ಯಾರಿಗೆ ಒಪ್ಪುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಆದರೆ ಹೆಸರು ಇಡುವವನೇ ದೊಡ್ಡಪ್ಪನಾಗಿದ್ದ. ಕಮಲತ್ತೆಯ ಹೆಸರು ಗಿರಿಜತ್ತಿಗೆ ಬಂತು.

ಗಿರಿಜತ್ತಿ ಅಪ್ಪನ ತಂಗಿ. ಮುಂಡರಗಿಗೆ ಕೊಟ್ಟಿದ್ದರು. ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ಟ್ರಂಕಿನೊಂದಿಗೆ ವಾಪಸು ಬಂದಳು. ಯಾಕೆ ಎಂದು ಬಂದವರು ಕೇಳಿದರೆ, ಹೊಂದಾಣಿಕೆ ಆಗಿಲ್ಲ ಎಂದು ಮನೆಯವರು ಹೇಳುತ್ತಿದ್ದರು. ಅವಳ ಗಂಡ, ಎಂದರೆ ನಮ್ಮ ಮಾವ, ಅವಳನ್ನು ಹೊಡೆಯುತ್ತಿದ್ದ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತು. ಗಿರಿಜತ್ತಿಗೆ ಒಂದು ಅಭ್ಯಾಸವಿತ್ತು. ಏನು ಕೇಳಿದರೂ ಒಂದು ಕ್ಷಣ ತಡೆದು ಉತ್ತರ ಕೊಡುತ್ತಿದ್ದಳು. ಚಹಾ ಬೇಕೇನು ಎಂದರೂ ಅಷ್ಟೇ. ಯಾವ ಉತ್ತರಕ್ಕೆ ಪೆಟ್ಟು ಬೀಳುತ್ತದೋ ತಿಳಿಯದ ಮನೆಯಲ್ಲಿ ಆರು ವರ್ಷ ಇದ್ದವಳು ಬಾಯಿ ತೆರೆಯುವ ಮೊದಲು ಮಾತನ್ನು ತೂಗುತ್ತಾಳೆ ಎಂಬುದು ನನಗೆ ತಿಳಿಯುವಷ್ಟರಲ್ಲಿ ನನಗೆ ಇಪ್ಪತ್ತು ದಾಟಿತ್ತು. ನಮ್ಮ ಮನೆಯವರು ಆ ಒಂದು ಕ್ಷಣವನ್ನು ಟೊಂಯ್ ಎಂದು ತುಂಬುತ್ತಿದ್ದರು. ಮೊದಲು ದೊಡ್ಡಪ್ಪ, ಆಮೇಲೆ ಅಪ್ಪ, ಆಮೇಲೆ ನಾನು. ಅತ್ತಿಯೂ ನಗುತ್ತಿದ್ದಳು. ಅವಳೂ ನಗುತ್ತಿದ್ದಳಲ್ಲ ಎಂದು ಅಪ್ಪ ಈಗಲೂ ವಾದಿಸುತ್ತಾನೆ. ನಗದೆ ಇನ್ನೇನು ಮಾಡಬಹುದಿತ್ತು ಎಂದು ಕೇಳಿದರೆ ಎದ್ದು ಹೋಗುತ್ತಾನೆ.

ಇದೇ ಗಿರಿಜತ್ತಿಗೆ ಪ್ರೆಸ್ಸಿನಲ್ಲಿ ಒಂದು ಕೆಲಸವಿತ್ತು. ಮದುವೆ ಕಾರ್ಡಿನಲ್ಲಿ ಜಗಳ ಹುಟ್ಟುವುದು ಹೆಸರುಗಳ ಸಾಲಿನಲ್ಲಿ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಮಾತು ಬಿಟ್ಟ ಕಾಕಾನ ಹೆಸರು ಹಾಕಬೇಕೋ ಬೇಡವೋ. ಒಂದು ಹೆಸರು ಹೆಚ್ಚುಕಡಿಮೆಯಾದರೆ ಅಕ್ಷತೆಯ ಅಕ್ಕಿಕಾಳಿಗೇ ಬರುವುದಿಲ್ಲ ಎನ್ನುವ ಬೀಗರಿರುತ್ತಾರೆ. ಗಿರಾಕಿಗಳು ದೊಡ್ಡಪ್ಪನೆದುರು ಹೆಸರು ಹೇಳುತ್ತಿದ್ದರೆ ಅತ್ತಿ ಮೂಲೆಯಲ್ಲಿ ಕಾರ್ಡು ಮಡಚುತ್ತ ಕೇಳಿಸಿಕೊಂಡು, ಅವರು ಹೋದ ಮೇಲೆ ಮೆಲ್ಲಗೆ ಹೇಳುತ್ತಿದ್ದಳು.

“ಅಣ್ಣಾ, ಆ ಲಕ್ಷ್ಮೇಶ್ವರದವರ ಹೆಸರ ಸೊಸಿ ಕಡಿಯವರ ಕೆಳಗ ಹಾಕಬ್ಯಾಡ. ಅವರು ದೊಡ್ಡ ಮಗನ ಬೀಗರು. ಸಿಟ್ಟಿಗೇಳ್ತಾರ.”

ದೊಡ್ಡಪ್ಪ ಸಾಲು ಬದಲಿಸುತ್ತಿದ್ದ. ಗಿರಾಕಿ ಬಂದು ಹೊಗಳಿದಾಗ ಹೊಗಳಿಕೆಯನ್ನು ತಾನೇ ಇಟ್ಟುಕೊಳ್ಳುತ್ತಿದ್ದ.

ನನ್ನ ಎಂಟನೆಯ ತರಗತಿಯ ಬೇಸಿಗೆ ರಜೆಗೆ ದೊಡ್ಡಪ್ಪನ ಮಗ ವಿನಯ ಹುಬ್ಬಳ್ಳಿಯ ಕಾಲೇಜಿನಿಂದ ಬಂದ. ಚೀಲದಲ್ಲಿ ಸುರುಳಿ ಹಾಕಿ ಹೊಲಿದ ಒಂದು ಜೆರಾಕ್ಸ್ ಪುಸ್ತಕವಿತ್ತು. ಅದೊಂದು ಆಟದ ನಿಯಮಗಳು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಹೋಗುತ್ತಾರೆ: ಮಾಂತ್ರಿಕ, ಕಳ್ಳ, ಯೋಧ, ವೈದ್ಯೆ. ಪ್ರತಿ ಪಾತ್ರಕ್ಕೂ ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಗುಣ. ಒಂದೊಂದಕ್ಕೂ ಮೂರರಿಂದ ಹದಿನೆಂಟರೊಳಗೆ ಒಂದು ಅಂಕ. ಏನಾದರೂ ಮಾಡಹೊರಟರೆ ಇಪ್ಪತ್ತು ಮುಖದ ದಾಳ ಉರುಳಿಸಿ, ಆಯಿತೋ ಇಲ್ಲವೋ ನೋಡಬೇಕು; ಅಂಕ ದೊಡ್ಡದಾದಷ್ಟೂ ಒಳ್ಳೆಯದು. ಅಂಥ ದಾಳ ಬೆಟಗೇರಿಯಲ್ಲಿ ಎಲ್ಲಿ ಸಿಗಬೇಕು? ಪಾವತಿ ಪುಸ್ತಕಕ್ಕೆ ನಂಬರ್ ಒತ್ತುವ ಮಷಿನ್ನಿನಲ್ಲಿ ಕತ್ತರಿಸಿದ ರಟ್ಟಿನ ತುಂಡುಗಳ ಮೇಲೆ ಒಂದರಿಂದ ಇಪ್ಪತ್ತು ಒತ್ತಿ, ಸ್ಟೀಲ್ ಡಬ್ಬಿಗೆ ಹಾಕಿ, ಅಲುಗಾಡಿಸಿ, ಕಣ್ಣು ಮುಚ್ಚಿ ಒಂದನ್ನು ಎತ್ತುವುದೆಂದು ತೀರ್ಮಾನಿಸಿದೆವು. ಪಾತ್ರಗಳ ವಿವರ ಬರೆಯಲು ತಪ್ಪಾಗಿ ಅಚ್ಚಾದ ಮದುವೆ ಕಾರ್ಡುಗಳಿದ್ದವು. ಅವುಗಳ ಬೆನ್ನು ಖಾಲಿ ಇರುತ್ತಿತ್ತು.

ಪುಸ್ತಕದೊಳಗಿನ ಕುಳ್ಳರ ಕುಲ, ಚೂಪುಗಿವಿಯ ಕಾಡುಜನ ನಮಗೆ ಯಾರೂ ಪರಿಚಯವಿರಲಿಲ್ಲ. ವಿನಯನೇ ದಾರಿ ತೋರಿಸಿದ.

“ಧಾರಾವಾಹಿ ಮಂದೀನ ತಗೊಂಡ ಹೋಗೂಣು. ಅವ್ರು ಹೆಂಗ ಮಾತಾಡ್ತಾರ, ಏನ ಮಾಡ್ತಾರ, ಎಲ್ಲಾ ಗೊತ್ತೈತಿ. ಡ್ರ್ಯಾಗನ್ ಮುಂದ ನಿಂತ್ರ ಆ ಜಿಪುಣ ಏನ ಮಾಡ್ತಾನ, ಹೇಳು?”

“ಬಾಡಗಿ ಕೇಳ್ತಾನ,” ಎಂದೆ.

ಹೀಗೆ ಜಿಪುಣ ಮಾವ ಬೆಟ್ಟದೊಳಗೆ ಬಂಗಾರ ಕಾಯುವ ಕುಳ್ಳನಾದ. ಕೂಗುವ ಹೆಂಡತಿ ಕೂಗಿನಿಂದಲೇ ಕಲ್ಲು ಒಡೆಯುವ ಮಾಂತ್ರಿಕೆಯಾದಳು. ಕಾಫಿಪುಡಿಯವನು ಪ್ರತಿ ಊರಿನಲ್ಲೂ ಸಾಲ ಮಾಡಿ ಹಾಡಿ ತೀರಿಸುವ ಹಾಡುಗಾರ. ಎಡವುವ ಮಗನನ್ನು ಕಳ್ಳ ಮಾಡಬೇಕೆಂದು ವಿನಯ, ಬೇಡವೆಂದು ನಾನು. ಕಳ್ಳನಿಗೆ ಚುರುಕು ಬೇಕು, ಇವನಿಗೆ ಅದೇ ಇಲ್ಲ. ಬೀಳುವವನು ಬಿದ್ದಲ್ಲೆಲ್ಲ ಏನಾದರೊಂದು ಅವನ ಕೈಗೆ ಸಿಗುತ್ತದಲ್ಲ, ಅದು ಚುರುಕಲ್ಲ, ಅದೃಷ್ಟ ಎಂದು ವಾದಿಸಿದೆ. ನನಗೆ ಆ ವರ್ಷ ಚರ್ಚಾಸ್ಪರ್ಧೆಯಲ್ಲಿ ಜಿಲ್ಲೆಗೆ ಮೊದಲ ಬಹುಮಾನ ಬಂದಿತ್ತು. ಪ್ರತಿ ಅಂಕಕ್ಕೂ ಪುರಾವೆ ಕೇಳುತ್ತಿದ್ದೆ, ಕೊಡುತ್ತಿದ್ದೆ. ಯಾವ ಕಂತಿನಲ್ಲಿ, ಯಾರೆದುರು, ಏನು ಮಾಡಿದ. ಜೀವನದಲ್ಲಿ ಅಷ್ಟು ಸುಖವಾಗಿ ನಾನು ಮತ್ತೆ ವಾದಿಸಿಲ್ಲ. ನಗಿಸಲೆಂದೇ ಕಟ್ಟಿದ ಮನುಷ್ಯನನ್ನು ಬಿಚ್ಚಿ, ಅವನೊಳಗೆ ಏನಿದೆಯೆಂದು ಅಂಕ ಹಾಕುವುದು ನನಗೆ ವಿದ್ಯೆಯ ಹಾಗೆ ಕಂಡಿತು.

ಮಧ್ಯಾಹ್ನ ಊಟಕ್ಕೆ ಮಷಿನ್ ನಿಂತಾಗ ಪ್ರೆಸ್ಸಿನ ನೆಲದ ಮೇಲೆ ನಮ್ಮ ಆಟ. ಗಿರಿಜತ್ತಿ ಅಲ್ಲೇ ಕಾರ್ಡು ಮಡಚುತ್ತ ಎರಡು ದಿನ ನೋಡಿದಳು. ಮೂರನೆಯ ದಿನ ತಾನೇ ಕೇಳಿದಳು.

“ನನಗೂ ಒಂದ ಕೊಡ್ರಲೇ.”

“ಯಾರು ಬೇಕು ಅತ್ತಿ?”

“ಕಮಲತ್ತಿನ್ನ ಕೊಡು. ಹೆಂಗೂ ಎಲ್ಲಾರೂ ಹಂಗ ಕರೀತೀರಿ.”

ಕಮಲತ್ತೆ ವೈದ್ಯೆಯಾದಳು. ವಿನಯ ಬುದ್ಧಿಗೆ ಆರು ಹಾಕಿದ. ನಾನು ಒಪ್ಪಲಿಲ್ಲ. ಉಪ್ಪಿನ ಕಾಫಿ ಒಂದು, ತಲೆಕೆಳಗಾದ ಫೋನು ಎರಡು, ಮನೆಗೆ ನುಗ್ಗಿದ ಕಳ್ಳನಿಗೆ ಕಪಾಟಿನ ಬೀಗದಕೈ ತೋರಿಸಿದ್ದು ಮೂರು. ಎದುರಿಗೆ ಕೂತಿದ್ದ ಅತ್ತಿ ನನ್ನ ಬಾಯನ್ನೇ ನೋಡುತ್ತಿದ್ದಳು. ಆರು ನಾಲ್ಕಾಯಿತು. ಕಾರ್ಡಿನ ಬೆನ್ನ ಮೇಲೆ ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ: ಆಟಗಾರ್ತಿ, ಗಿರಿಜತ್ತಿ. ಪಾತ್ರ, ಕಮಲತ್ತೆ. ಬುದ್ಧಿ, ನಾಲ್ಕು.

ಆಟದೊಳಗೆ ಅತ್ತಿ ಬೇರೆಯೇ ಆಗಿದ್ದಳು. ಅಲ್ಲಿ ಅವಳ ಮಾತಿಗೆ ತಡೆ ಇರಲಿಲ್ಲ. ಒಂದು ದಿನ ಕೋಟೆಯ ಬಾಗಿಲಲ್ಲಿ ಇಬ್ಬರು ರಾಕ್ಷಸ ಅಣ್ಣತಮ್ಮಂದಿರು ಅಡ್ಡ ನಿಂತರು. ಹೊಡೆದು ಗೆಲ್ಲಲು ನಮಗೆ ಶಕ್ತಿ ಸಾಲದು. ನಾನು ಯೋಚಿಸುತ್ತಿರುವಾಗಲೇ ಅತ್ತಿ ಕಾರ್ಡು ಕೆಳಗಿಟ್ಟಳು.

“ಅವರಿಗೆ ಮಗಳ ಅದಾಳೇನು ವಿನ್ಯಾ?”

“ಸಣ್ಣಾವಗ ಅದಾಳ ಅಂತ ಇಟಗೋ.”

“ಹಂಗಾರ ನಾ ಅವರಿಗೆ ಹೇಳ್ತೀನಿ, ಲಗ್ನದ ಕಾರ್ಡ ನಾವ ಮಾಡಿಕೊಡ್ತೀವಿ, ಮ್ಯಾಲ ಯಾರ ಹೆಸರ ಹಾಕೂದು, ಹಡದಾವಂದೋ ಹಿರ್ಯಾವಂದೋ, ಇಬ್ಬರೂ ಕೂಡಿ ಹೇಳ್ರಿ ಅಂತ. ಅವರು ಹೊಡದಾಡಕೋತ ಇರತಾರ. ನಾವು ಒಳಗ ಹೋಗೂಣು.”

ವಿನಯ ನೆಲ ಬಡಿದು ನಕ್ಕ. ಅದು ಕುಹಕದ ನಗುವಲ್ಲ, ಮೆಚ್ಚಿದ ನಗು. ಆ ಮನೆಯಲ್ಲಿ ಅತ್ತಿಗೆ ಅಂಥ ನಗು ಸಿಕ್ಕದ್ದು ನಾನು ಕಂಡಂತೆ ಅದೊಂದೇ ಸಲ. ನಾನು ಕೈ ಎತ್ತಿದೆ.

“ಆಕ್ಷೇಪಣೆ ಐತಿ. ಬುದ್ಧಿ ನಾಕ ಇದ್ದಾಕಿಗೆ ಇಂಥಾ ಯುಕ್ತಿ ಹೊಳಿಯಂಗಿಲ್ಲ. ಹೊಳದಿದ್ದು ಅತ್ತಿಗೆ, ಕಮಲತ್ತೆಗಲ್ಲ.”

ವಾದ ಸರಿಯಿತ್ತು. ವಿನಯನೂ ಒಪ್ಪಿದ. ಡಬ್ಬಿಯಿಂದ ತುಂಡು ಎತ್ತಬೇಕಾಯಿತು, ಅತ್ತಿ ಎತ್ತಿದ್ದು ಮೂರು. ಯುಕ್ತಿ ಹೊಳೆಯಲಿಲ್ಲ ಎಂದು ಬರೆದುಕೊಂಡೆವು. ರಾಕ್ಷಸರು ನಮ್ಮನ್ನು ಬಡಿದು ಓಡಿಸಿದರು. ಅತ್ತಿ ತುಂಡನ್ನು ಡಬ್ಬಿಗೆ ಹಾಕಿ ಕೇಳಿದಳು.

“ಈ ನಾಕ ಹೆಚ್ಚ ಮಾಡಾಕ ಬರಂಗಿಲ್ಲೇನು?”

ಬರುತ್ತಿತ್ತು. ಆಟ ಮುಂದುವರಿದಂತೆ ಅನುಭವದ ಅಂಕ ಸೇರಿ, ಒಂದು ಮೆಟ್ಟಿಲು ಏರಿದರೆ ಒಂದು ಗುಣಕ್ಕೆ ಒಂದು ಹೆಚ್ಚಿಸಬಹುದು. ಆಮೇಲೆ ಅತ್ತಿ ಒಂದು ದಿನವೂ ಆಟ ತಪ್ಪಿಸಲಿಲ್ಲ. ಪಾತ್ರದ ವಿವರ ಬರೆದ ಕಾರ್ಡುಗಳನ್ನು ನಾನು ಮಡಿಕೆ ಬೀಳದಿರಲೆಂದು ಗಿರಾಕಿಗಳಿಗೆ ತೋರಿಸುವ ಮಾದರಿ ಕಾರ್ಡುಗಳ ಆಲ್ಬಮ್ಮಿನೊಳಗೆ ಸೇರಿಸಿಡುತ್ತಿದ್ದೆ.

ಮೇ ಮುಗಿಯುವ ಮೊದಲು ಮುಂಡರಗಿಯಿಂದ ಖಬರು ಬಂತು. ಅತ್ತಿಯ ಭಾವ, ಎಂದರೆ ಮಾವನ ಅಣ್ಣ, ತನ್ನ ಮಗಳ ಮದುವೆ ಗೊತ್ತುಮಾಡಿದ್ದ. ಕಾರ್ಡಿನಲ್ಲಿ ತಮ್ಮನ ಹೆಸರಿನ ಪಕ್ಕ ಅತ್ತಿಯ ಹೆಸರು ಇರಬೇಕು, ಹೆಸರು ಇದ್ದವಳು ಮಂಟಪದಲ್ಲೂ ಕಾಣಬೇಕು. ಇಲ್ಲದಿದ್ದರೆ ಹೊಸ ಬೀಗರು ಕೇಳುತ್ತಾರೆ. ಗುರುವಾರ ಬಂದು ಕರೆದೊಯ್ಯುವ ಮಾತಾಡುತ್ತೇವೆ ಎಂದಿದ್ದರು. ಇಂಥ ಬೈಠಕ್ಕುಗಳಲ್ಲಿ ಒಂದು ಪದ್ಧತಿಯಿದೆ. ಹಿರಿಯರು ಎಲ್ಲ ಮಾತಾಡಿ ಮುಗಿಸಿದ ಮೇಲೆ, ನಿಂದೇನ ಐತಿ ಹೇಳವಾ ಎಂದು ಹೆಣ್ಣುಮಗಳನ್ನು ಒಂದು ಸಲ ಕೇಳುತ್ತಾರೆ. ಒಂದೇ ಸಲ. ಬುಧವಾರ ಮಧ್ಯಾಹ್ನ ಅತ್ತಿ ನನ್ನನ್ನು ಕಾಗದದ ರೀಮುಗಳ ಹಿಂದೆ ಕರೆದಳು.

“ಶೈಲಾ, ನೀ ಮಂದಿ ಮುಂದ ಮಾತಾಡ್ತಿ. ನಾ ಹೋಗಂಗಿಲ್ಲ ಅನ್ನೂದನ್ನ ಹೆಂಗ ಹೇಳಬೇಕು, ಕಲಸು.”

ಕಲಿಸಿದೆ. ಮೂರು ಅಂಶ. ಒಂದು, ಪ್ರೆಸ್ಸಿನಲ್ಲಿ ದುಡಿದು ಉಣ್ಣುತ್ತೇನೆ, ಯಾರಿಗೂ ಹೊರೆಯಲ್ಲ. ಎರಡು, ಹೆಸರುಗಳ ಸಾಲು ನನ್ನಷ್ಟು ಯಾರಿಗೂ ತಿಳಿಯದು, ಅಣ್ಣನಿಗೇ ನಾನು ಬೇಕು. ಮೂರು, ಆ ಮನೆಯಲ್ಲಿ ನನ್ನನ್ನು ಹೊಡೆಯುತ್ತಾರೆ.

“ಹೊಡಿತದ ಮಾತ ಮೊದಲ ಹೇಳಿಬಿಡ್ಲೇನು?” ಎಂದಳು ಅತ್ತಿ. “ತಡಾ ಆದ್ರ ಧೈರ್ಯ ಸಾಲಂಗಿಲ್ಲ.”

“ಬ್ಯಾಡ ಅತ್ತಿ. ಗಟ್ಟಿ ಅಂಶ ಕಡೀಕ ಇಡಬೇಕು. ಕೇಳಿದವರ ಮನಸಿನ್ಯಾಗ ಅದ ಉಳೀತೈತಿ.”

ಸ್ಪರ್ಧೆಯಲ್ಲಿ ಹಾಗೇ ಹೇಳಿಕೊಟ್ಟಿದ್ದರು. ಸ್ಪರ್ಧೆಯಲ್ಲಿ ಮೂರು ನಿಮಿಷ ಯಾರೂ ಅಡ್ಡ ಬಾಯಿ ಹಾಕುವುದಿಲ್ಲ, ಗಂಟೆ ಹೊಡೆಯುವವರೆಗೆ ವೇದಿಕೆ ನಿಮ್ಮದೇ. ನಮ್ಮ ಪಡಸಾಲೆ ವೇದಿಕೆಯಲ್ಲ ಎಂಬುದು ನನ್ನ ತಲೆಗೆ ಬರಲಿಲ್ಲ.

ಗುರುವಾರ ಹತ್ತರ ಹೊತ್ತಿಗೆ ಬಂದರು. ಭಾವ, ಮಾವ, ಜೊತೆಗೆ ಇಬ್ಬರು ಹಿರಿಯರು. ಉಪ್ಪಿಟ್ಟು, ಚಹಾ ಆಯಿತು. ಮಾವ ನೆಲ ನೋಡುತ್ತ ಕೂತಿದ್ದ. ಮಾತೆಲ್ಲ ಭಾವನದೇ. ಹೋದದ್ದು ಹೋಯಿತು, ಇನ್ನು ಮುಂದೆ ಹಾಗೆ ಆಗದು, ನಾನು ಜಾಮೀನು ಎಂದ. ಏನು ಹೋಯಿತು, ಏನು ಆಗದು ಎಂದು ಹೆಸರಿಡಲಿಲ್ಲ. ನಮ್ಮವರೂ ಕೇಳಲಿಲ್ಲ. ಕೊನೆಗೆ ದೊಡ್ಡಪ್ಪ ತಿರುಗಿದ.

“ನಿಂದೇನ ಐತಿ, ಹೇಳ ಗಿರಿಜಾ.”

ಅತ್ತಿ ಅಡುಗೆಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು. “ಒಂದನೇದ್ದು,” ಎಂದಳು. ಅವಳ ಆ ಒಂದು ಕ್ಷಣ ಬಂತು.

“ಟೊಂಯ್,” ಎಂದ ದೊಡ್ಡಪ್ಪ.

ಅವನಿಗೆ ಕೆಟ್ಟ ಉದ್ದೇಶವಿತ್ತು ಎಂದು ನಾನು ಹೇಳಲಾರೆ. ಬಿಗಿದ ಹವೆಯನ್ನು ಸಡಿಲಿಸಲು ಹೇಳಿರಬೇಕು. ಆದರೆ ಮುಂಡರಗಿಯಲ್ಲೂ ಎಂಟು ಗಂಟೆಗೆ ಅದೇ ಧಾರಾವಾಹಿ. ಬಂದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನೆಲ ನೋಡುತ್ತಿದ್ದ ಮಾವನೂ ತಲೆಯೆತ್ತಿ ನಕ್ಕ. ಅಪ್ಪ ನಕ್ಕ. ಆ ನಗುವಿನಲ್ಲೇ ಭಾವ, ಹೇಗೂ ಬಂದಿದ್ದೇವೆ, ಮದುವೆ ಕಾರ್ಡೂ ನೋಡಿಬಿಡೋಣ ಎಂದು ಅಲ್ಲೇ ಇದ್ದ ಮಾದರಿ ಆಲ್ಬಮ್ ಎಳೆದುಕೊಂಡ. ನಾಲ್ಕು ಹಾಳೆ ತಿರುವಿದ. ಒಂದು ಕಾರ್ಡು ಜಾರಿ ತೊಡೆಯ ಮೇಲೆ ಬಿತ್ತು. ಎತ್ತಿ, ಬೆನ್ನು ತಿರುಗಿಸಿ, ಗಟ್ಟಿಯಾಗಿ ಓದಿದ.

“ಗಿರಿಜತ್ತಿ. ಕಮಲತ್ತೆ. ಬುದ್ಧಿ ನಾಕು. ಇದೇನ್ರೀ ಇದು, ಮಾರ್ಕ್ಸ್ ಕಾರ್ಡ?”

“ಹುಡುಗ್ರ ಆಟರಿ, ಆಕಡೆ ಇಡ್ರಿ,” ಎಂದ ದೊಡ್ಡಪ್ಪ.

“ಮಾರ್ಕ್ಸ್ ಯಾರ ಕೊಟ್ಟಾರ?”

“ನಮ್ಮ ಶೈಲಾ. ಚರ್ಚಾಸ್ಪರ್ಧೆದಾಗ ಜಿಲ್ಲಾಕ್ಕ ಫಸ್ಟ್ ಬಂದಾಳ.”

“ಹಂಗಾರ ತಿಳದಾಕಿನ ಕೊಟ್ಟಾಳ ಅನ್ರಿ. ಎಷ್ಟಕ್ಕ ನಾಕವಾ?”

“ಹದಿನೆಂಟಕ್ಕ,” ಎಂದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ರೂಢಿಯಾಗಿತ್ತು. ಮತ್ತೆ ನಗು. ನಾನು ಎದ್ದು ನಿಂತೆ. “ಅದು ಅತ್ತಿದಲ್ರಿ. ಪಾತ್ರದ್ದು. ಪಾತ್ರ ಬ್ಯಾರೆ, ಆಡೋ ಮನಷ್ಯಾರು ಬ್ಯಾರೆ.”

“ಆತು, ಒಪ್ಪಿದ್ನಿ,” ಎಂದ ಭಾವ. “ಮತ್ತ ನಿಮ್ಮತ್ತಿದು ಎಷ್ಟು?”

ಇಲ್ಲಿ ನನ್ನ ತಪ್ಪನ್ನು ನಾನೇ ತೋರಿಸುತ್ತೇನೆ, ಬೇರೆಯವರಿಗೆ ಬಿಡುವುದಿಲ್ಲ. ಪ್ರಶ್ನೆಯನ್ನೇ ತಳ್ಳಿಹಾಕಬೇಕಿತ್ತು. ನಾನು ಅತ್ತಿಯ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿದ್ದಳು. ನಾನು ನಿಜವಾಗಿಯೂ ಲೆಕ್ಕ ಹಾಕಿದೆ. ಹೆಸರುಗಳ ಸಾಲು, ರಾಕ್ಷಸರ ಯುಕ್ತಿ ಒಂದು ಕಡೆ. ಆರನೆಯ ತರಗತಿಗೆ ಬಿಟ್ಟ ಶಾಲೆ ಇನ್ನೊಂದು ಕಡೆ. ಸಾಮಾನ್ಯ ಮನುಷ್ಯನಿಗೆ ಹತ್ತು ಎಂದು ವಿನಯನ ಪುಸ್ತಕದಲ್ಲಿತ್ತು.

“ಹತ್ತು,” ಎಂದೆ.

“ಹದಿನೆಂಟಕ್ಕ ಹತ್ತು. ಪಾಸ್ ಆದ್ಲು ಬಿಡ್ರಿ,” ಎಂದು ಭಾವ ತೊಡೆ ತಟ್ಟಿದ. “ಪಾಸ್ ಆದಾಕಿಗೆ ಮನಿಗೆ ಬರಾಕ ಏನ ತ್ರಾಸ?”

ಪಡಸಾಲೆ ನಗುತ್ತಿರುವಾಗಲೇ ಅತ್ತಿ ಮಾತಾಡಿದಳು. ಈ ಸಲ ತಡೆಯಲಿಲ್ಲ.

“ಆತು. ಬರ್ತೀನ್ರಿ.”

ಅವ್ವ ಒಳಗೆ ಚಹಾದ ಪಾತ್ರೆ ತಿಕ್ಕುತ್ತಿದ್ದಳು. ನಾನು ಹೋಗಿ ನಿಂತಾಗ ತಲೆಯೆತ್ತದೆ ಹೇಳಿದಳು.

“ಅಕಿಂದು ಎಷ್ಟು ಅಂತ ಅಂವಾ ಕೇಳಿದ್ರ, ನಿಮ್ಮ ತಮ್ಮಂದು ಎಷ್ಟ್ರಿ ಅಂತ ಕೇಳಬೇಕಿತ್ತ ಹುಡುಗಿ.”

ಯಾವ ಸ್ಪರ್ಧೆಗೂ ಹೋಗದ ಅವ್ವನ ಬಳಿ ಉತ್ತರವಿತ್ತು. ಅದು ಅಡುಗೆಮನೆಯಲ್ಲಿತ್ತು, ಒಂದು ಮೆಟ್ಟಿಲು ಕೆಳಗೆ. ಅದನ್ನು ಅವಳೇ ಮೇಲೆ ಬಂದು ಯಾಕೆ ಹೇಳಲಿಲ್ಲ ಎಂದು ನಾನು ಅವಳನ್ನು ಇನ್ನೂ ಕೇಳಿಲ್ಲ.

ಆ ಮದುವೆಯ ಕಾರ್ಡು ನಮ್ಮ ಪ್ರೆಸ್ಸಿನಲ್ಲೇ ಆಯಿತು. ಹೆಸರುಗಳ ಸಾಲನ್ನು ಅತ್ತಿಯೇ ಕೂತು ಸರಿಮಾಡಿದಳು. ಗಂಡನ ಹೆಸರು, ಪಕ್ಕದಲ್ಲಿ ತನ್ನದು, ಹನ್ನೊಂದನೆಯ ಸಾಲಿನಲ್ಲಿ. ಎರಡು ದಿನ ಅವನ್ನೇ ಮಡಚಿ, ಮೂಲೆಗಳಿಗೆ ಅರಿಶಿನ ಹಚ್ಚಿ, ಕಟ್ಟುಗಳನ್ನು ಹೇರಿದ ಟೆಂಪೋದಲ್ಲೇ ಮುಂಡರಗಿಗೆ ಹೋದಳು. ಮದುವೆಯಲ್ಲಿ ಯಾರೂ ಹೆಸರಿಗಾಗಿ ಸಿಟ್ಟಾಗಲಿಲ್ಲವೆಂದು ದೊಡ್ಡಪ್ಪ ಬಹಳ ದಿನ ಹೇಳಿಕೊಂಡ. ವಿನಯ ಕಾಲೇಜಿಗೆ ಹೋದ. ನಾವು ಮತ್ತೆ ಆಟ ಆಡಲಿಲ್ಲ.

ಈಗ ನನಗೆ ಇಪ್ಪತ್ತಾರು. ಗದಗಿನ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ಎದುರಿನವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಡಿ, ಮೊದಲು ಪ್ರಶ್ನೆಯನ್ನು ಪ್ರಶ್ನಿಸಿ ಎನ್ನುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಹೋದ ವರ್ಷ ಒಬ್ಬಳೇ ಮುಂಡರಗಿಗೆ ಹೋದೆ. ಡಂಬಳ ದಾಟುವವರೆಗೂ ಬಸ್ಸಿನಲ್ಲಿ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಮಾವ ಒಳಗಿನ ಮಂಚದಲ್ಲಿ ಮಲಗಿದ್ದ.

“ಲಕವಾ ಹೊಡದೈತಿ,” ಎಂದಳು ಅತ್ತಿ. “ಬಲಗೈ ಏಳಂಗಿಲ್ಲ. ನಾನ ಉಣಸ್ತೀನಿ.”

ಹಿತ್ತಲ ಕಟ್ಟೆಯ ಮೇಲೆ ಕೂತು ಅವಳು ಶೇಂಗಾ ಬಿಡಿಸುತ್ತಿದ್ದಳು. ನಾನು ಹೇಳಿದೆ. ಗಟ್ಟಿ ಅಂಶವನ್ನು ಮೊದಲೇ ಇಡಬೇಕಿತ್ತು, ಭಾವನ ಪ್ರಶ್ನೆಗೆ ಉತ್ತರ ಕೊಡಬಾರದಿತ್ತು, ನನಗಾಗ ಹದಿನಾಲ್ಕು ವರ್ಷ. ಅವಳು ಪೂರ್ತಿ ಕೇಳಿಸಿಕೊಂಡಳು.

“ಇದ ಸೈತ ಮೂರ ಅಂಶದಾಗ ಹೇಳಿದಿ ನೋಡು,” ಎಂದಳು. ನಗಲಿಲ್ಲ. “ನಾಕ ಬರದಿದ್ದಕ್ಕ ನನಗ ಸಿಟ್ಟಿಲ್ಲ, ಆಟ ಅದು. ಹತ್ತ ಅಂದಿದ್ದಕ್ಕೂ ಇಲ್ಲ. ಅಂವಾ ಕೇಳಿದ ಕೂಡ್ಲೆ ನನ್ನ ಮಾರಿ ನೋಡಕೋತ ಎಣಿಸಿದ್ಯಲ್ಲ ಶೈಲಾ, ಅದನ್ನ ನಾ ನೋಡಿದ್ನಿ. ಈ ಮನ್ಯಾಗೂ ಹಂಗ ಎಣಸ್ತಾರ, ಆ ಮನ್ಯಾಗೂ ಎಣಸ್ತಾರ. ಎಲ್ಲಿದ್ರೇನು ಅಂತ ಬಂದ್ನಿ.”

ಅವಳು ಚಹಾಕ್ಕಿಡಲು ಒಳಗೆ ಹೋದಳು. ನನ್ನ ಬಳಿ ಉತ್ತರವಿತ್ತು. ಅಲ್ಲಿ ಹೊಡೆತವಿತ್ತು, ನಮ್ಮ ಮನೆಯಲ್ಲಿ ನಗು ಮಾತ್ರ ಇತ್ತು, ಎರಡನ್ನೂ ಒಂದೇ ಎನ್ನಲು ಬರುವುದಿಲ್ಲ ಎಂದು ಹೇಳಬಹುದಿತ್ತು. ವಾದ ಸರಿಯಾಗಿಯೇ ಇತ್ತು. ಚಹಾ ಕುಡಿದೆ, ಹೇಳಲಿಲ್ಲ. ಹೇಳದೆ ಉಳಿದದ್ದನ್ನು ನನ್ನ ಒಳ್ಳೆಯತನವೆಂದು ಯಾರೂ ಹಿಡಿಯಬೇಕಾಗಿಲ್ಲ. ಗದಗಿನ ಬಸ್ಸಿಗೆ ಹೊತ್ತಾಗಿತ್ತು.